ಹಳೆಯ ರಾಡಾರ್ ರಾಯರಿಗೊಂದು ಬಹಿರಂಗ ಪತ್ರ

ಬಸವನಗುಡಿ, ಬೆಂಗಳೂರು

ದೂರದರ್ಶಿಗಳಾದ ರಾಡಾರ್ ರಾಯರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ತಮ್ಮ ನಾಮಧೇಯ ಟಿಎಚ್‌ಡಿ-1955, ತವರು ಫ್ರಾನ್ಸ್, ಕೆಲಸ ನಮ್ಮ ವಾಯುಪಡೆಗಾಗಿ ಆಕಾಶ ಕಾಯುವುದು. ಹೆಸರಿನ ಬಾಲದಲ್ಲಿರುವ 1955 ಮಾದರಿ ಸಂಖ್ಯೆಯಂತೆ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜನ್ಮವರ್ಷದ ಜಾಗದಲ್ಲೂ ಅದೇ ಇದೆ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಅದನ್ನೂ ಮಾದರಿ ಸಂಖ್ಯೆ ಎಂದೇ ತಿಳಿಯತಕ್ಕದ್ದು.

ಈ ಕಾಗದಕ್ಕೆ ಕಾರಣ ಶುದ್ಧ ಹೊಟ್ಟೆಕಿಚ್ಚು.

ತಮ್ಮ ವಂಶದವರಿಗೆ ವಯಸ್ಸಾದರೆ ಎಂಜಿನಿಯರುಗಳು ಮೊದಲು ಮೈಮುಟ್ಟಿ ನೋಡುತ್ತಾರೆ. ಆಂಟೆನಾ ಗಟ್ಟಿಯಿದೆಯೇ, ಅದು ತಿರುಗುವ ಪೀಠ ನೆಟ್ಟಗಿದೆಯೇ? ಇದ್ದರೆ ಅವನ್ನು ಉಳಿಸಿಕೊಂಡು ಒಳಗಿನದನ್ನಷ್ಟೇ ಬದಲಿಸುತ್ತಾರೆ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಹುಡುಕಿದರೂ ಸಿಗದ, ಅಲೆ ಹೊರಡಿಸುವ ದೊಡ್ಡ ಟ್ಯೂಬು ಹೋಗಿ ಸಾಲಿಡ್ ಸ್ಟೇಟ್ ಮಾಡ್ಯೂಲುಗಳ ಸಾಲು ಬರುತ್ತದೆ. ಟ್ಯೂಬು ಒಂದೇ ಇದ್ದಾಗ ಅದು ಕೈಕೊಟ್ಟರೆ ತಾವು ಪೂರಾ ಕುರುಡು. ಮಾಡ್ಯೂಲುಗಳಲ್ಲಿ ನಾಲ್ಕು ಕೆಟ್ಟರೆ ನೋಟ ತುಸು ಮೊಟಕಾಗುತ್ತದೆ ಅಷ್ಟೆ, ಚಿಕ್ಕಪ್ಪ ಮುನಿಸಿಕೊಂಡು ಹೋದರೂ ಒಟ್ಟು ಕುಟುಂಬದ ಒಲೆ ಉರಿಯುವ ಹಾಗೆ. 400 ಕಿ.ಮೀ. ಆಚೆಯ ವಿಮಾನಕ್ಕೆ ತಗುಲಿದ ಅಲೆ ಸೆಕೆಂಡಿನ ಸಾವಿರದಲ್ಲಿ ಮೂರು ಭಾಗದೊಳಗೆ ಹಿಂತಿರುಗುತ್ತದೆ. ಆ ಕ್ಷೀಣ ಪ್ರತಿಧ್ವನಿಯನ್ನು ಜರಡಿ ಹಿಡಿಯಲು ಡಿಜಿಟಲ್ ಪ್ರೊಸೆಸರು.

ನಮ್ಮ ಬೀದಿಯ ನವೀಕರಣ ಇದರ ತದ್ವಿರುದ್ಧ. ಮದರಾಸು ತಾರಸಿ, ಕಾವಿ ನೆಲ, ಇಬ್ಬರು ಅಜ್ಜಂದಿರು ಒರಗಿ ಒರಗಿ ನುಣುಪು ಮಾಡಿದ ಜಗಲಿಯ ಕಂಬ, ಇಷ್ಟನ್ನೂ ಕೆಡವಿ ‘ಶ್ರೀ ಗುರುಕೃಪಾ’ ಎಂಬ ಫಲಕವೊಂದನ್ನು ಉಳಿಸಿಕೊಳ್ಳುತ್ತಾರೆ. ಅದನ್ನು ಐದಂತಸ್ತಿನ ಗೇಟಿಗೆ ತೂಗುಹಾಕಿ ಪರಂಪರೆ ಉಳಿಯಿತೆನ್ನುತ್ತಾರೆ. ಒಳಗೆ ಕೊಳಾಯಿ ಮೊದಲ ಮಳೆಗಾಲಕ್ಕೇ ಸೋರುತ್ತದೆ. ನಮ್ಮ ಮನೆಗೂ ಒಬ್ಬರು ಬಂದಿದ್ದರು. ಗೋಡೆ ತಟ್ಟಿ ನೋಡಲೂ ಇಲ್ಲ. ಸೈಟು ಎಷ್ಟಕ್ಕೆಷ್ಟು ಎಂದಷ್ಟೇ ಕೇಳಿದರು.

ಹಾಗೆಂದು ನಮ್ಮ ಪೇಟೆಯನ್ನು ತಾವು ಕಡೆಗಣಿಸುವಂತಿಲ್ಲ. ರಾಜೇಶ್ವರಿ ಚಟರ್ಜಿಯವರು ತಮ್ಮಜ್ಜಿ ಕಮಲಮ್ಮ ದಾಸಪ್ಪನವರು ನಡೆಸಿದ ಇಲ್ಲಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಓದಿ, ಮುಂದೆ ಮಲ್ಲೇಶ್ವರದ ಆಚೆಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ) ಮೈಕ್ರೋವೇವ್, ಆಂಟೆನಾ ವಿದ್ಯೆ ಕಲಿಸಿದರು. ರಾಡಾರ್ ಸಂಶೋಧನೆಯ ಎಲ್‌ಆರ್‌ಡಿಇ, ರಾಡಾರ್ ಕಟ್ಟುವ ಜಾಲಹಳ್ಳಿಯ ಬಿಇಎಲ್ ಎರಡೂ ಇದೇ ಊರಿನವು. ತಮ್ಮ ವೈದ್ಯರೆಲ್ಲ ನಮ್ಮ ಕಾಫಿ ಕುಡಿದವರೇ.

ತಮ್ಮ ಒಂದು ವಿದ್ಯೆಯನ್ನು ಮಾತ್ರ ಇಲ್ಲಿ ಪ್ರಯೋಗಿಸಬೇಡಿ. ಗುಡ್ಡ, ಕಟ್ಟಡಗಳ ಪ್ರತಿಧ್ವನಿ ಪರದೆ ತುಂಬದಂತೆ ತಾವು ಒಂದರ ಹಿಂದೊಂದು ಬಂದ ಪ್ರತಿಧ್ವನಿಗಳನ್ನು ಹೋಲಿಸಿ, ನಿಂತದ್ದನ್ನೆಲ್ಲ ಅಳಿಸಿ, ಚಲಿಸುವುದನ್ನಷ್ಟೇ ತೋರಿಸುತ್ತೀರಲ್ಲ? ಸಂಜೆ ಆರಕ್ಕೆ ಚಾಮರಾಜಪೇಟೆಯಿಂದ ಗಾಂಧಿ ಬಜಾರಿನ ಕಡೆ ಆ ನೋಟ ಹರಿಸಿದರೆ ಬಸ್ಸು, ಕಾರು, ಆಟೋ ಸಮೇತ ಇಡೀ ರಸ್ತೆ ಗುಡ್ಡದ ಲೆಕ್ಕಕ್ಕೆ ಸೇರಿ ಮಾಯವಾದೀತು. ದೊಡ್ಡ ಬಸವನ ಗುಡಿಯ ಬಳಿ ಕಡಲೆಕಾಯಿ ಪರಿಷೆಯ ದಿನವಂತೂ ಊರೇ ಇರುವುದಿಲ್ಲ.

ಇಷ್ಟಾದರೂ ತಮಗೂ ನೋಟಿಸು ಬಂದಿದೆಯೆಂದು ಕೇಳಿ ಮನಸ್ಸು ಸ್ವಲ್ಪ ಹಗುರಾಯಿತು, ಸುಳ್ಳು ಹೇಳಲಾರೆ. 2024ರ ಮಾರ್ಚಿನಲ್ಲಿ ರಕ್ಷಣಾ ಸಚಿವಾಲಯ ಎಲ್ ಅಂಡ್ ಟಿ ಜತೆ ಸುಮಾರು 5,700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡು, ವಾಯುಪಡೆಯ ಹಳೆಯ ದೂರಗಾಮಿ ರಾಡಾರ್‌ಗಳ ಜಾಗಕ್ಕೆ ಹೊಸ ಹೈ ಪವರ್ ರಾಡಾರ್‌ಗಳನ್ನು ತರಲು ಹೊರಟಿದೆ. ಅದಕ್ಕೆ ಒಂದು ವರ್ಷ ಮುಂಚೆ ಬಿಇಎಲ್‌ಗೆ 2,800 ಕೋಟಿಗೂ ಮಿಕ್ಕ ‘ಅರುಧ್ರ’ ರಾಡಾರ್‌ಗಳ ಒಪ್ಪಂದವಾಗಿತ್ತು. ಆದರೂ ಆಕಾಶಕ್ಕೆ ರಜೆ ಕೊಡುವಂತಿಲ್ಲವಲ್ಲ, ಹೊಸಬರು ಕಣ್ಣುಬಿಡುವ ತನಕ ತಾವು ರೆಪ್ಪೆ ಮುಚ್ಚುವಂತಿಲ್ಲ. ನಮ್ಮಲ್ಲಾದರೋ ಮೊದಲು ರಸ್ತೆ ಅಗೆದು, ಆಮೇಲೆ ಏತಕ್ಕೆಂದು ಸಭೆ ಸೇರುತ್ತಾರೆ.

ನಿವೃತ್ತಿಯಾದ ಮೇಲೆ ಇಲ್ಲೇ ಬಂದುಬಿಡಿ, ನಮ್ಮ ಬೀದಿ ಮೂಲೆಯ ಸೈಟು ಖಾಲಿಯಿದೆ ಎಂದು ಬರೆಯುವವನಿದ್ದೆ. ನಿನ್ನೆ ಸಂಜೆಯಿಂದ ಅಲ್ಲೊಂದು ಜೆಸಿಬಿ ನಿಂತಿದೆ.

ಇತಿ ತಮ್ಮ ವಿಧೇಯ,
ಪೊರೆ ತೆಗೆಸಿ ಹೊಸ ಲೆನ್ಸ್ ಹಾಕಿಸಿಕೊಂಡ (ಕಣ್ಣು ಮೊದಲಿನದೇ) ಬಸವನಗುಡಿ ನಿವಾಸಿ