ದರ್ಬೆಯ ಬಿಚ್ಚು ಮಾಷ್ಟ್ರು

ಪುತ್ತೂರಿನ ದರ್ಬೆ ಸರ್ಕಲಿನಲ್ಲಿ ಸುಳ್ಯದ ಬಸ್ಸಿಗೆ ಕಾಯುವವರು ಯಾವ ಕಾರಣಕ್ಕೂ "ನಮ್ಮ ಮನೆಯ ಕಂಪ್ಯೂಟರ್ ಆನ್ ಆಗುದಿಲ್ಲ ಮಾರಾಯ್ರೆ" ಎಂದು ಗಟ್ಟಿಯಾಗಿ ಹೇಳಬಾರದು. ಹೇಳಿದರೆ ಬಸ್ಸು ತಪ್ಪುತ್ತದೆ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಹಿರಿಯರೊಬ್ಬರು ಮೆಲ್ಲ ತಿರುಗಿ, "ಆನ್ ಆಗುದಿಲ್ಲವೋ, ಆನ್ ಆಗಿ ಡಿಸ್‌ಪ್ಲೇ ಬರುದಿಲ್ಲವೋ? ಎರಡೂ ಬೇರೆ ಬೇರೆ" ಎಂದು ಶುರು ಮಾಡುತ್ತಾರೆ. ಅವರೇ ಬಿಚ್ಚು ಮಾಷ್ಟ್ರು. ಅಂಗಿಯ ಜೇಬಿನಲ್ಲಿ ಬೇರೆಯವರಿಗೆ ಪೆನ್ನು ಇರುವ ಜಾಗದಲ್ಲಿ ಇವರಿಗೆ ಸ್ಟಾರ್ ಸ್ಕ್ರೂಡ್ರೈವರ್ ಇರುತ್ತದೆ.

ಈ ಜಾತಿಯವರು ದರ್ಬೆಯಲ್ಲಿ ಮಾತ್ರ ಇರುವುದು ಎಂದಲ್ಲ. ಸುಳ್ಯದಲ್ಲಿ ಅವರು ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಆಗಿರುತ್ತಾರೆ, ಕಡಬದಲ್ಲಿ ಅಡಿಕೆ ತೋಟದ ನಡುವೆ ಕೂತ ಡಿಪ್ಲೊಮಾ ಪಾಸಾದ ಅಳಿಯ ಆಗಿರುತ್ತಾರೆ. ಆದರೆ ದರ್ಬೆಯಲ್ಲಿ 1958ರಿಂದ ಫಿಲೋಮಿನಾ ಕಾಲೇಜು ಉಂಟು, ಸುತ್ತ ಝೆರಾಕ್ಸ್, ಡಿಟಿಪಿ ಅಂಗಡಿಗಳುಂಟು, ಓಣಿ ಓಣಿಯಲ್ಲಿ ಪಾಠ ಹೇಳಿ ನಿವೃತ್ತರಾದವರಿದ್ದಾರೆ. ಹಾಗಾಗಿ ಇಲ್ಲಿ ಅವರು ಮಾಷ್ಟ್ರೇ ಆಗಿರುತ್ತಾರೆ.

ಮಾಷ್ಟ್ರಿಗೆ ಈ ಚಟ ಹಿಡಿದದ್ದು 'ಮಾಹಿತಿ ಸಿಂಧು' ಯೋಜನೆಯಲ್ಲಿ ಸರಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ. ಆಗ ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಹೋದರೂ ಮುಟ್ಟುವಂತಿರಲಿಲ್ಲ. ಡಬ್ಬಿಯ ಹಿಂದೆ ಒಂದು ಚಿಕ್ಕ ಸ್ಟಿಕ್ಕರ್ ಇತ್ತು: ಹರಿದರೆ ವಾರಂಟಿ ಇಲ್ಲ. ಬೇರೆ ಮೇಷ್ಟ್ರುಗಳು ಪಾಸ್‌ವರ್ಡ್ ಬರೆದಿಟ್ಟ ಚೀಟಿ ಹುಡುಕುತ್ತಿದ್ದಾಗ, ಗಣಿತ ಹೇಳುತ್ತಿದ್ದ ಇವರು ವಾರಂಟಿ ಮುಗಿಯುವ ತಾರೀಕನ್ನು ಡೈರಿಯಲ್ಲಿ ಗುರುತು ಹಾಕಿಟ್ಟರು. ಆ ತಾರೀಕಿನ ಮರುದಿನ ಬೆಳಿಗ್ಗೆ ಬೆಲ್ಲು ಹೊಡೆಯುವ ಮೊದಲೇ ಸ್ಟಿಕ್ಕರ್ ಹರಿದಿತ್ತು.

ಇವರಿಗೆ ಗಿರಾಕಿಗಳು ಯಾಕೆ ಕಡಿಮೆಯಾಗುವುದಿಲ್ಲ ಎಂದರೆ ನಮ್ಮ ಊರಿನಲ್ಲಿ ಕಂಪ್ಯೂಟರಿಗೆ ನಿವೃತ್ತಿ ಎಂಬುದೇ ಇಲ್ಲ. ಮದುವೆಯ ಕಾಗದ, ಬ್ರಹ್ಮಕಲಶದ ಆಮಂತ್ರಣ ಎಲ್ಲ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ ಮತ್ತು ನುಡಿಯಲ್ಲೇ ತಯಾರಾಗುವುದು, ಅವೆರಡೂ ಕೂತಿರುವುದು ವಿಂಡೋಸ್ ಎಕ್ಸ್‌ಪಿಯಲ್ಲಿ. ಎಕ್ಸ್‌ಪಿಗೆ ಇನ್ನು ನಾವು ಜವಾಬ್ದಾರರಲ್ಲ ಎಂದು ಮೈಕ್ರೋಸಾಫ್ಟ್ ಕೈ ತೊಳೆದುಕೊಂಡದ್ದು 2014ರ ಎಪ್ರಿಲ್ 8ರಂದು. ಎಪ್ರಿಲ್ 10ಕ್ಕೆ ಪುತ್ತೂರು ಜಾತ್ರೆಯ ಕೊಡಿ ಏರುತ್ತದೆ. ಅಂಗಡಿಯವರು ಜಾತ್ರೆಯ ಫ್ಲೆಕ್ಸಿನ ಗಡಿಬಿಡಿಯಲ್ಲಿದ್ದ ಕಾರಣ ಆ ಸುದ್ದಿ ಗಮನಿಸಲಿಲ್ಲ. ಈಗಲೂ ಗಮನಿಸಿದ ಹಾಗೆ ಕಾಣುವುದಿಲ್ಲ. ವಿಂಡೋಸ್ ಹತ್ತಕ್ಕೂ 2025ರ ಅಕ್ಟೋಬರ್ 14ಕ್ಕೆ ಅದೇ ಗತಿಯಾಯಿತು. ಹನ್ನೊಂದನ್ನು ಹಾಕೋಣ ಎಂದರೆ ಹಳೆಯ ಪೆಟ್ಟಿಗೆ ಒಪ್ಪುವುದಿಲ್ಲ. ಆ ವಾರ ಮಾಷ್ಟ್ರ ಮನೆಯ ಜಗಲಿಯಲ್ಲಿ ಕೂರಲಿಕ್ಕೆ ಜಾಗ ಇರಲಿಲ್ಲ, ಎಲ್ಲ ಕಡೆ ಡಬ್ಬಿಗಳು ಕೂತಿದ್ದವು.

ಕರೆದಲ್ಲಿಗೆ ಮಾಷ್ಟ್ರು ಹೋಗುತ್ತಾರೆ. ಹೋದವರು ಕೂಡಲೇ ಬಿಚ್ಚುವುದಿಲ್ಲ. ಮನೆಯ ಯಜಮಾನರು ಇವರು ಬರುವ ಮೊದಲೇ ಗೋಡೆಯ ಪ್ಲಗ್ ಕಿತ್ತು, "ಕರೆಂಟು ತೆಗ್ದಾಗಿದೆ ಮಾಷ್ಟ್ರೇ" ಎಂದು ಹೆಮ್ಮೆಯಿಂದ ನಿಂತಿರುತ್ತಾರೆ. ಮೇಜಿನಡಿಯಲ್ಲಿ ಯುಪಿಎಸ್ ಕುಂಯ್ ಕುಂಯ್ ಎನ್ನುತ್ತಿರುತ್ತದೆ.

"ಇದರ ಒಳಗೆ ಬ್ಯಾಟರಿ ಉಂಟಲ್ಲ ಭಾವ, ಅದು ಇರುವುದು ಎಂತಕ್ಕೆ?"

"ಕರೆಂಟು ಹೋದಾಗ..."

"ಹಾಂ. ನೀವು ಪ್ಲಗ್ ತೆಗೆದದ್ದು ಅದಕ್ಕೆ ಗೊತ್ತುಂಟಾ? ಕರೆಂಟು ಹೋಯ್ತು ಅಂತ ಅದು ಕೊಡ್ತಾ ಉಂಟು."

ಮಾಷ್ಟ್ರು ಯುಪಿಎಸ್ ಆಫ್ ಮಾಡಿ, ಡಬ್ಬಿಯ ಬೆನ್ನಿಗೆ ಸಿಕ್ಕಿಸಿದ ಕಪ್ಪು ವಯರನ್ನೇ ಎಳೆದು ಯಜಮಾನರ ಕೈಗೆ ಕೊಡುತ್ತಾರೆ. "ಇದು ನಿಮ್ಮ ಕೈಯಲ್ಲೇ ಇರ್ಲಿ. ನಾನು ಹೇಳುವವರೆಗೆ ಕೆಳಗೆ ಇಡ್ಬೇಡಿ." ವಯರು ಎದುರಿಗೇ ಕಾಣುತ್ತಿದ್ದರೆ ನಡುವೆ ಯಾರೂ ಬಂದು ಸಿಕ್ಕಿಸುವುದಿಲ್ಲ ಎಂಬುದು ಅವರ ಲೆಕ್ಕ. ಆಮೇಲೆ ಮುಂದಿನ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯುತ್ತಾರೆ. ಕೆಲವೊಮ್ಮೆ ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. "ಉಳಿದದ್ದೂ ಹೋಯ್ತು" ಎಂದು ಘೋಷಣೆಯಾಗುತ್ತದೆ.

ಮುಂದಿನದು ಸ್ಥಿರ ವಿದ್ಯುತ್ತಿನ ಪಾಠ. ಇದಕ್ಕೆ ಅರ್ಧ ಗಂಟೆ. ನಡೆದಾಗ, ಬಟ್ಟೆ ತಿಕ್ಕಿದಾಗ ಮೈಯಲ್ಲಿ ವಿದ್ಯುತ್ತು ಸೇರಿಕೊಳ್ಳುತ್ತದೆ. ಅದು ಸುಮಾರು 3000 ವೋಲ್ಟ್ ಆಗದೆ ನಮಗೆ ಚುರುಕ್ ಅನ್ನಿಸುವುದೇ ಇಲ್ಲ, ಆದರೆ ಕೆಲವು ಚಿಪ್ಪುಗಳು ಸಾಯಲಿಕ್ಕೆ ನೂರಿನ್ನೂರು ಸಾಕು. ಕೊಂದವನಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಬಣ್ಣ ಇಲ್ಲದ ಕಡೆ ಡಬ್ಬಿಯ ತಗಡನ್ನು ಮುಟ್ಟಿ, ಆಮೇಲೆ ಒಳಗೆ ಕೈ ಹಾಕಬೇಕು. ನಡುವೆ ಎದ್ದು ಹೋಗಿ ಬಂದರೆ ಪುನಃ ಮುಟ್ಟಬೇಕು. ಎಲ್ಲ ಸರಿಯೇ. ಆದರೆ ಪಾಠ ನಡೆಯುವುದು ಜುಲೈ ತಿಂಗಳಲ್ಲಿ, ಕರಿದ ಹಪ್ಪಳ ಬಾಣಲೆಯಿಂದ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುವ ಪುತ್ತೂರಿನಲ್ಲಿ! ಒಣ ಹವೆಯ ರಾಯಚೂರಿನಲ್ಲಿ ಡಿಸೆಂಬರಿಗೆ ಹೇಳಬೇಕಾದ ಪಾಠ ಅದು. ಇದನ್ನು ಯಾರಾದರೂ ಎತ್ತಿದರೆ ಮಾಷ್ಟ್ರು, "ಸಿಲೆಬಸ್ಸಲ್ಲಿ ಉಂಟು, ಹೇಳದೆ ಬಿಡ್ಲಿಕ್ಕೆ ಆಗ್ತದಾ?" ಎನ್ನುತ್ತಾರೆ. ಒಮ್ಮೆ ಬೆಂಗಳೂರಿನಿಂದ ರಜೆಗೆ ಬಂದ ಹುಡುಗನೊಬ್ಬ ಇದಕ್ಕೆಂದೇ ಮಾಡಿದ ಪಟ್ಟಿಯನ್ನು ಮಣಿಗಂಟಿಗೆ ಕಟ್ಟಿಕೊಂಡು ಬಂದು, ಇನ್ನೊಂದು ತುದಿಯ ಕ್ಲಿಪ್ಪನ್ನು ಹಲಸಿನ ಮೇಜಿನ ಕಾಲಿಗೆ ಸಿಕ್ಕಿಸಿ ಕೂತ. ಮಾಷ್ಟ್ರು ಬಹಳ ಹೊತ್ತು ನೋಡಿ, "ಮರದಲ್ಲಿ ಹರಿಯುದಿಲ್ಲ ಮಗಾ" ಎಂದರು, ಅಷ್ಟೇ.

ಮುಚ್ಚಳ ತೆಗೆದ ಮೇಲೆ ಒಳಗೆ ಕಾಣುವುದು ಪಶ್ಚಿಮ ಘಟ್ಟದ ಜೀವವೈವಿಧ್ಯ. ಹಲ್ಲಿ ಮೊಟ್ಟೆ ಇರುತ್ತದೆ. ಬೆಚ್ಚಗಿನ ಜಾಗ ಎಂದು ಎಸ್‌ಎಂಪಿಎಸ್ಸಿನ, ಅಂದರೆ ಒಳಗೆ ಕರೆಂಟು ಹಂಚುವ ಪೆಟ್ಟಿಗೆಯ, ಬುಡದಲ್ಲಿ ಇರುವೆಗಳು ಸಂಸಾರ ಹೂಡಿರುತ್ತವೆ. ಬಳಸದ ಯುಎಸ್‌ಬಿ ತೂತಿನಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿ ಬಾಗಿಲು ಹಾಕಿಕೊಂಡು ಹೋಗಿರುತ್ತದೆ. ಪಟ್ಟಣದ ಪುಸ್ತಕಗಳಲ್ಲಿ ಈ ಅಧ್ಯಾಯ ಇಲ್ಲ. ಮಾಷ್ಟ್ರು ಮೊದಲು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾರೆ, ಹಲ್ಲಿಯದ್ದಲ್ಲ, ವಯರುಗಳದ್ದು. ಪವರ್ ಬಟನ್ನಿನಿಂದ ಬೋರ್ಡಿಗೆ ಬರುವ ಆ ಸಣ್ಣ ಸಣ್ಣ ಪಿನ್ನುಗಳು ಎಲ್ಲಿದ್ದವು ಎಂಬುದು ಕಿತ್ತ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಪೇಂಟ್ ಬ್ರಷ್ಷು, ಸೈಕಲ್ ಪಂಪು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಅದು ಬೇಕಾಬಿಟ್ಟಿ ತಿರುಗಿ ಬೇರಿಂಗ್ ಹೋಗುತ್ತದೆ. ಹಿಡಿಯಲಿಕ್ಕೆ ಮನೆಯ ಮಕ್ಕಳನ್ನು ಕರೆಯುತ್ತಾರೆ. ಯಜಮಾನರು ವಯರು ಹಿಡಿದಿದ್ದಾರಲ್ಲ.

ಸ್ಕ್ರೂ ಹಾಕಲಿಕ್ಕೆ ಗೆರಟೆಗಳು. ಹೌದು, ತೆಂಗಿನ ಗೆರಟೆಯೇ. ಡಬ್ಬಿಯ ದಪ್ಪ ಹಲ್ಲಿನ ಸ್ಕ್ರೂಗೆ ಒಂದು, ಡಿವಿಡಿ ಡ್ರೈವಿನ ಸಣ್ಣ ಹಲ್ಲಿನದ್ದಕ್ಕೆ ಇನ್ನೊಂದು, ಮದರ್‌ಬೋರ್ಡಿನದ್ದಕ್ಕೆ ಮತ್ತೊಂದು. ರಿಪೇರಿ ಮಾಡುವವರ ಕೈಯಲ್ಲಿ ಕೊನೆಗೆ ಸ್ಕ್ರೂ ಉಳಿಯುತ್ತದೆ ಎಂದು ಲೋಕವೆಲ್ಲ ನಗುತ್ತದಲ್ಲ, ಮಾಷ್ಟ್ರಿಗೆ ಆ ನಗೆ ಆಗಿಬರುವುದಿಲ್ಲ. ಒಂದು ಕಡಿಮೆ ಬಿತ್ತೆಂದರೆ ಮನೆಯವರನ್ನೆಲ್ಲ ಎಬ್ಬಿಸಿ ಚಾಪೆ ಕೊಡವುತ್ತಾರೆ. ಸಿಗದಿದ್ದರೆ ಡಬ್ಬಿಯನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಮದರ್‌ಬೋರ್ಡಿನ ಅಡಿಯಲ್ಲಿ ಒಂದು ಸ್ಕ್ರೂ ಉರುಳಿಕೊಂಡಿದ್ದರೆ ಕರೆಂಟು ಕೊಟ್ಟ ಕ್ಷಣ ಶಾರ್ಟ್ ಆಗಿ ಬೋರ್ಡೇ ಹೋಗಬಹುದು. ಈ ವಿಷಯದಲ್ಲಿ ಅವರು ಖಂಡಿತ ಸರಿ.

ಅವರ ಪರಮಾಯುಧ ಮಕ್ಕಳ ಪೆನ್ಸಿಲ್ ರಬ್ಬರು. ಡಿಸ್‌ಪ್ಲೇ ಬಾರದೆ ಬೀಪ್ ಬೀಪ್ ಎನ್ನುವ ಕಂಪ್ಯೂಟರಿನ ರ‍್ಯಾಮನ್ನು ಎರಡು ಬದಿಯ ಕ್ಲಿಪ್ಪು ಸರಿಸಿ, ಅಂಚಿನಲ್ಲೇ ಹಿಡಿದು ತೆಗೆದು, ಬಂಗಾರ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಊದಿ, ಟಿಕ್ ಎನ್ನುವವರೆಗೆ ಒತ್ತುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ ಅಲ್ಲಿ ಒಂದು ಪೊರೆ ಕೂರುತ್ತದೆ, ಅದು ಹೋದರೆ ಎಷ್ಟೋ ಸಲ ಎಲ್ಲ ಸರಿಯಾಗುತ್ತದೆ. ಮನೆಯವರು ಬೆರಗಾಗುತ್ತಾರೆ. ಮಾಷ್ಟ್ರು ಚಾ ಕುಡಿಯುತ್ತಾರೆ, ಅದೂ ಬೇರೆ ಕೋಣೆಗೆ ಹೋಗಿ.

ಪಾರ್ಟ್ಸ್ ಬದಲಿಸುವಲ್ಲಿ ತಕರಾರು ಬರುವುದು ಬೆಂಗಳೂರಿನ ಮಕ್ಕಳಿಂದ. ಅಪ್ಪನ ಕಂಪ್ಯೂಟರ್ ನಿಧಾನ ಎಂದು ಅಲ್ಲಿಂದಲೇ ಆನ್‌ಲೈನಿನಲ್ಲಿ ರ‍್ಯಾಮ್ ಕಳಿಸುತ್ತಾರೆ. ಬೋರ್ಡು ಡಿಡಿಆರ್3, ಬಂದದ್ದು ಡಿಡಿಆರ್4. ಮಗ ಕಳಿಸಿದ್ದು ತಪ್ಪಿರಲಿಕ್ಕೆ ಸಾಧ್ಯವೇ ಇಲ್ಲ ಎಂದು ಅಪ್ಪ ಅದನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಬೆವರುತ್ತಿರುತ್ತಾರೆ. ಮಾಷ್ಟ್ರು ಎರಡನ್ನೂ ಪಕ್ಕ ಪಕ್ಕ ಹಿಡಿದು ತೋರಿಸುತ್ತಾರೆ: ಒಂದಕ್ಕೆ 240 ಹಲ್ಲು, ಇನ್ನೊಂದಕ್ಕೆ 288, ನಡುವಿನ ಕಚ್ಚು ಬೇರೆ ಕಡೆ, ಕುಡಿಯುವ ವೋಲ್ಟೇಜೂ ಬೇರೆ. "ಒತ್ತಿದರೆ ಹೋಗ್ತದೆ ಅಂತ ಆದ್ರೆ ಆ ಕಚ್ಚು ಕೊಟ್ಟದ್ದು ಎಂತಕ್ಕೆ ಭಾವ?" ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದೊಂದೇ ನಿಜವಾದ ಪುಣ್ಯದ ಕೆಲಸ ಎಂಬುದು ಅವರ ಮತ. ಎರಡು ವಯರು ಸಿಕ್ಕಿಸಿದರೆ ಮುಗಿಯಿತು, ಮುದಿ ಪೆಟ್ಟಿಗೆ ಎದ್ದು ಓಡುತ್ತದೆ. ಆದರೆ ಹಳೆಯ ಡಿಸ್ಕಿನಲ್ಲಿದ್ದ ಮದುವೆಯ ವಿಡಿಯೋ, ಯಕ್ಷಗಾನ ರೆಕಾರ್ಡಿಂಗು ಇನ್ನೊಂದು ಕಡೆಗೆ ನಕಲಾಗುವವರೆಗೆ ಸ್ಕ್ರೂಡ್ರೈವರ್ ಜೇಬಿನಿಂದ ಹೊರಗೆ ಬರುವುದಿಲ್ಲ.

ಇಷ್ಟು ಹೊಗಳಿದ ಮೇಲೆ ದೂರನ್ನೂ ಹೇಳಬೇಕು. ಮಾಷ್ಟ್ರಿಗೆ ಬಿಚ್ಚುವುದು ಎಲ್ಲ ರೋಗಕ್ಕೂ ಮದ್ದು. ಒಂದು ಮನೆಯಲ್ಲಿ ಪ್ರಿಂಟ್ ಬರುವುದಿಲ್ಲ ಎಂದು ಕರೆದರು. ಮಾಷ್ಟ್ರು ಡಬ್ಬಿ ಬಿಚ್ಚಿ, ಧೂಳು ಹೊಡೆದು, ರ‍್ಯಾಮ್ ಉಜ್ಜಿ, ಪ್ರೊಸೆಸರಿನ ಒಣಗಿದ ಪೇಸ್ಟ್ ಕೆರೆದು ಉದ್ದಿನ ಕಾಳಿನಷ್ಟು ಹೊಸದು ಹಚ್ಚಿ, ಫ್ಯಾನು ಕೂರಿಸಿ, ಬೋರ್ಡಿನ ಬ್ಯಾಟರಿಯನ್ನೂ ಹೊಸದು ಹಾಕಿದರು. ಎಲ್ಲ ಮುಗಿಯುವಾಗ ಆರನೇ ಕ್ಲಾಸಿನ ಹುಡುಗಿ ಬಂದು ಪ್ರಿಂಟರಿಗೆ ಕಾಗದ ಹಾಕಿದಳು. ಪ್ರಿಂಟ್ ಬಂತು. "ನೋಡಿ, ಬಂತಲ್ಲ" ಎಂದರು ಮಾಷ್ಟ್ರು.

ಅವರ ಸ್ವಂತ ಕಂಪ್ಯೂಟರಿಗೆ ಮುಚ್ಚಳ ಹಾಕಿದ್ದನ್ನು ಕಂಡವರಿಲ್ಲ. "ಪುನಃ ತೆಗೀಲಿಕ್ಕೆ ಉಂಟಲ್ಲ" ಎಂಬುದು ಉತ್ತರ. ಟೀಚರಕ್ಕ, ಅಂದರೆ ಅವರ ಹೆಂಡತಿ, ಆ ಮುಚ್ಚಳವನ್ನು ಕೊತ್ತಂಬರಿ ಒಣಗಿಸಲಿಕ್ಕೆ ಇಟ್ಟುಕೊಂಡಿದ್ದಾರೆ. "ಇವರು ಬಿಚ್ಚದೆ ಉಳಿದದ್ದು ನನ್ನ ಹೊಲಿಗೆ ಮಿಷನ್ ಒಂದೇ. ಅದಕ್ಕೆ ಸೂಜಿ ಉಂಟಲ್ಲ, ಹೆದರಿಕೆ" ಎನ್ನುತ್ತಾರೆ.

ಹೆದರಿಕೆ ಬೇರೆಯದ್ದಕ್ಕೂ ಉಂಟು. ಎಸ್‌ಎಂಪಿಎಸ್ಸನ್ನು ಮಾಷ್ಟ್ರು ಬಿಚ್ಚುವುದಿಲ್ಲ. ಎಲ್ಲವನ್ನೂ ಬಿಚ್ಚುವ ಮನುಷ್ಯ ಆ ತಗಡಿನ ಪೆಟ್ಟಿಗೆಯ ಎದುರು ಕೈ ಹಿಂದೆ ಕಟ್ಟಿ ನಿಲ್ಲುತ್ತಾರೆ. ಗೋಡೆಯ 230 ವೋಲ್ಟ್ ಅದರೊಳಗೆ ಹೋಗಿ 300ಕ್ಕೂ ಹೆಚ್ಚಿನ ನೇರ ವಿದ್ಯುತ್ತಾಗಿ ದೊಡ್ಡ ಕೆಪಾಸಿಟರುಗಳಲ್ಲಿ ಕೂತಿರುತ್ತದೆ. ವಯರು ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಬಹುದು. ಕೆಟ್ಟರೆ ಇಡೀ ಪೆಟ್ಟಿಗೆ ಬದಲಿಸುವುದು, ರಿಪೇರಿಯ ಮಾತಿಲ್ಲ. ಹಳೆಯವುಗಳ ಬೆನ್ನಲ್ಲಿ ಒಂದು ಕೆಂಪು ಸ್ವಿಚ್ಚು ಇರುತ್ತದೆ, ಒಂದು ಬದಿ 230, ಇನ್ನೊಂದು ಬದಿ 115. ಕೆಂಪು ಚಂದ ಕಾಣುತ್ತದೆ ಎಂದು ಮಕ್ಕಳು ಅದನ್ನು 115ಕ್ಕೆ ಸರಿಸಿ ಆನ್ ಮಾಡಿದರೆ ಢಬ್ ಎನ್ನುತ್ತದೆ. ಹಾಗಾಗಿ ಮಾಷ್ಟ್ರು ಕಂಡ ಕೆಂಪು ಸ್ವಿಚ್ಚುಗಳಿಗೆಲ್ಲ ಇನ್ಸುಲೇಷನ್ ಟೇಪು ಹಚ್ಚಿಬಿಡುತ್ತಾರೆ.

ದುಡ್ಡು ತೆಗೆದುಕೊಳ್ಳುವುದಿಲ್ಲ. ಕಳಚಿದ ಹಳೆಯ ಪಾರ್ಟು ಕೊಟ್ಟರೆ ಬೇಡ ಎನ್ನುವುದೂ ಇಲ್ಲ. ಆಯಿತು ಎಂದು ಗೇಟು ದಾಟಿ ಹೋದವರನ್ನು ಮನೆಯವರು ಪುನಃ ಕರೆಯಬೇಕಾಗುತ್ತದೆ. ಯಜಮಾನರು ಇನ್ನೂ ವಯರು ಹಿಡಿದೇ ನಿಂತಿರುತ್ತಾರೆ, ಕೆಳಗಿಡಿ ಎಂದು ಮಾಷ್ಟ್ರು ಹೇಳಲೇ ಇಲ್ಲವಲ್ಲ.

ನಿಮ್ಮಲ್ಲಿಗೂ ಅವರನ್ನು ಕರೆಯುವುದಿದ್ದರೆ ಬೆಳಿಗ್ಗೆಯೇ ಕರೆಯಿರಿ. ಎಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಮೂಡಣ ದಿಕ್ಕು ಕಪ್ಪಾದರೆ ಅವರು ಬರುವುದಿಲ್ಲ. ಬದಲಿಗೆ ಫೋನು ಮಾಡಿ, ಪ್ಲಗ್ ಮಾತ್ರ ತೆಗೆದರೆ ಸಾಲದು, ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ವಯರನ್ನೂ ಕಿತ್ತಿಡಿ, ಸಿಡಿಲು ಆ ದಾರಿಯಲ್ಲೂ ಬಂದು ಬೋರ್ಡು ಸುಡುತ್ತದೆ ಎನ್ನುತ್ತಾರೆ. ಅದನ್ನು ಕೇಳಿ. ಮತ್ತೆ, ಕರೆಯುವ ಮೊದಲು ಪ್ರಿಂಟರಿನಲ್ಲಿ ಕಾಗದ ಉಂಟಾ ನೋಡಿಕೊಳ್ಳಿ.