ಪೋಷಕರ ಮೂಗಿಗೆ ತುಪ್ಪ

ಶಿವಗಂಗೆಯ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿ ಉಜ್ಜಿದರೆ ಬೆಣ್ಣೆಯಾಗುತ್ತದೆಂಬುದು ತಲೆಮಾರುಗಳ ನಂಬಿಕೆ. ಬೆಟ್ಟ ಇಳಿದು, ದಾಬಸ್‌ಪೇಟೆ ದಾಟಿ ತುಮಕೂರು ರಸ್ತೆಯ ಎಂಜಿನಿಯರಿಂಗ್ ಕಾಲೇಜುಗಳತ್ತ ಹೊರಟರೆ ತುಪ್ಪದ ಬಳಕೆಯೇ ಬೇರೆ. ಸಿಇಟಿ ರ‍್ಯಾಂಕ್ ಬಂದು ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿ ಶುರುವಾಗುವ ಹೊತ್ತಿಗೆ ಅದನ್ನು ಪೋಷಕರ ಮೂಗಿಗೆ ಸವರಲಾಗುತ್ತದೆ. ವಾಸನೆ ಎಂಟು ಸೆಮಿಸ್ಟರ್‌ವರೆಗೂ ಬರುತ್ತದೆ, ನಾಲಿಗೆಗೆ ಮಾತ್ರ ಎಟುಕುವುದಿಲ್ಲ.

ಈಗಿನ ತುಪ್ಪದ ಹೆಸರು ಹೈಟೆಕ್ ಕ್ಯಾಂಪಸ್. ಕಳೆದ ವರ್ಷ ಕಂಪ್ಯೂಟರ್ ಲ್ಯಾಬ್ ಆಗಿದ್ದ ಕೊಠಡಿ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ‘ಎಐ ಉತ್ಕೃಷ್ಟತಾ ಕೇಂದ್ರ’ ಆಗಿರುತ್ತದೆ. ಯಂತ್ರಗಳು ಅವೇ, ಬೋರ್ಡು ಹೊಸದು. ರಾಗಿ ಬಿತ್ತನೆ ಅರ್ಧಕ್ಕೆ ನಿಲ್ಲಿಸಿ ಮಗನ ಜೊತೆ ಬಂದ ಅಪ್ಪನಿಗೆ ಅದನ್ನು ಗಾಜಿನಾಚೆಯಿಂದ ತೋರಿಸುತ್ತಾರೆ.

“ಒಳಗೆ ಹೋಗಿ ನೋಡ್ಬೋದಾ ಸಾರ್?”

“ಚಪ್ಪಲಿ ಬಿಡ್ಬೇಕಾಗುತ್ತೆ. ಆದ್ರೆ ಕೀ ಎಚ್‌ಒಡಿ ಹತ್ರ ಇದೆ, ಅವರು ಮೀಟಿಂಗಲ್ಲಿದ್ದಾರೆ.”

ಅಪ್ಪ ಆಗಲೇ ಚಪ್ಪಲಿ ಬಿಟ್ಟಾಗಿರುತ್ತದೆ.

ತಂತ್ರಜ್ಞಾನ ಏನೂ ಕೆಲಸ ಮಾಡುವುದಿಲ್ಲ ಎಂದರೆ ಅನ್ಯಾಯವಾದೀತು. ಫೀಸು ಬಾಕಿಯ ಮೆಸೇಜು ಒಂದು ದಿನವೂ ತಡವಾದದ್ದಿಲ್ಲ. ಮಗ ಕ್ಲಾಸಿಗೆ ಬಂದಿಲ್ಲ ಎಂದು ಹತ್ತೇ ನಿಮಿಷದಲ್ಲಿ ಅಪ್ಪನಿಗೆ ಚಾಡಿ ಹೇಳುವ ಆ್ಯಪ್, ಮೇಷ್ಟ್ರು ಬಂದಿಲ್ಲ ಎಂದು ಯಾವತ್ತೂ ಹೇಳಿಲ್ಲ. ವೈಫೈ ಕೂಡ ಇದೆ, ಪ್ರಿನ್ಸಿಪಾಲರ ಕೋಣೆಯಲ್ಲಿ.

“ಗ್ರೇಡು ನೋಡಿ ಸೇರಿಸಿ” ಎನ್ನುತ್ತಾರೆ ತಿಳಿದವರು. ಆ ಗ್ರೇಡು ಕೊಡಲೆಂದೇ, ಬೆಂಗಳೂರಿನ ನಾಗರಬಾವಿಯಲ್ಲೇ ಕಚೇರಿ ಇರುವ ನ್ಯಾಕ್ 1994ರಿಂದ ಇದೆ. ಅದರ ತಂಡ ಬರುತ್ತಿದ್ದ ವಾರ ಕಾಲೇಜಿನ ಪ್ರತಿ ಪ್ರೊಜೆಕ್ಟರಿಗೂ ಜೀವ ಬರುತ್ತಿತ್ತು. 2025ರ ಫೆಬ್ರವರಿಯಲ್ಲಿ ಸಿಬಿಐ, ಗುಂಟೂರಿನ ವಿದ್ಯಾಸಂಸ್ಥೆಯೊಂದಕ್ಕೆ ಎ++ ಗ್ರೇಡ್ ಕೊಡಲು ಲಂಚ ಪಡೆದ ಆರೋಪದ ಮೇಲೆ ತಪಾಸಣಾ ತಂಡದವರನ್ನೇ ಬಂಧಿಸಿತು. ವಶಪಡಿಸಿಕೊಂಡದ್ದರಲ್ಲಿ 37 ಲಕ್ಷ ರೂಪಾಯಿ ನಗದಿನ ಜೊತೆ ಆರು ಲ್ಯಾಪ್‌ಟಾಪ್‌ಗಳೂ ಇದ್ದವು. ಆರೋಪ ನಿಜವೇ ಆದರೆ, ಕ್ಯಾಂಪಸ್ ತಂತ್ರಜ್ಞಾನ ಬಳಸುವವರ ಕೈಗೆ ನೇರವಾಗಿ ತಲುಪಿದ ಅಪರೂಪದ ನಿದರ್ಶನ ಅದು.

ಇನ್ನು ಸೀಟು. ಉತ್ತಮ ಸಾಧನೆಯ ಕಾಲೇಜುಗಳಿಗೆ ಒಂದು ವಿಭಾಗಕ್ಕೆ ಇಷ್ಟೇ ಎಂದಿದ್ದ ಗರಿಷ್ಠ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2024-25ರಿಂದ ತೆಗೆದುಹಾಕಿತು. ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಲು ಒಂದು ಅರ್ಜಿ ಸಾಕು. ಕಂಪ್ಯೂಟರ್ ಹೆಚ್ಚಿಸಲು ದುಡ್ಡು ಬೇಕು. ಹಾಗಾಗಿ ಒಂದು ಯಂತ್ರದ ಮುಂದೆ ಮೂವರು ಕೂರುತ್ತಾರೆ: ಒಬ್ಬ ಟೈಪ್ ಮಾಡುತ್ತಾನೆ, ಒಬ್ಬ ನೋಡುತ್ತಾನೆ, ಇನ್ನೊಬ್ಬ ಮೊಬೈಲಿನಲ್ಲಿ ಅದೇ ಪಾಠವನ್ನು ಯೂಟ್ಯೂಬಿನಲ್ಲಿ ಕಲಿಯುತ್ತಾನೆ. ಪ್ಲೇಸ್‌ಮೆಂಟ್ ಆಗುವುದು ಆ ಮೂರನೆಯವನಿಗೆ. ಮುಂದಿನ ವರ್ಷದ ಫ್ಲೆಕ್ಸಿನಲ್ಲಿ ಅವನ ಫೋಟೊ ಹಾಕುವುದು ಕಾಲೇಜು.

ಹಾಗಾದರೆ ಪೋಷಕರು ಏನು ನೋಡಬೇಕು? ಎಐಸಿಟಿಇ ನಿಯಮದಂತೆ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ‘ಮ್ಯಾಂಡೇಟರಿ ಡಿಸ್‌ಕ್ಲೋಷರ್’ ಪ್ರಕಟಿಸಲೇಬೇಕು. ಸ್ಥಾಪಕರ ಫೋಟೊ ದಾಟಿ ಕೆಳಗೆ ಹೋದರೆ ಸಿಗುತ್ತದೆ. ಅಧ್ಯಾಪಕರ ಪಟ್ಟಿ, ಲ್ಯಾಬು, ಶುಲ್ಕ ಎಲ್ಲ ಅಲ್ಲಿರಬೇಕು. ನಂತರ ಕಾಲೇಜಿನ ಅಡ್ಮಿಷನ್ ಕೌನ್ಸೆಲರನ್ನು ಬಿಟ್ಟು, ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿರುವ ಕೊನೆ ವರ್ಷದ ಹುಡುಗನನ್ನು ಕೇಳಿ: ಲ್ಯಾಬಿನ ಕೀ ಯಾರ ಹತ್ತಿರ ಇದೆ? ಸಂಜೆ ಎಷ್ಟು ಗಂಟೆಗೆ ಬೀಗ ಬೀಳುತ್ತದೆ? ರಾತ್ರಿ ಹಾಸ್ಟೆಲ್‌ನಲ್ಲಿ ನೆಟ್ ಬರುತ್ತದೆಯೇ? ಕೊನೆಗೆ ಕೀಬೋರ್ಡ್ ನೋಡಿ. ಅಕ್ಷರಗಳು ಸವೆದು ಮಾಸಿದ್ದರೆ ಧೈರ್ಯವಾಗಿ ಸೇರಿಸಿ. ಫಳಫಳ ಹೊಳೆಯುತ್ತಿದ್ದರೆ ಬೆವರು ಒರೆಸಿಕೊಂಡು ಮುಂದಿನ ಬಸ್ಸು ಹಿಡಿಯಿರಿ.

ಸೀಟು ಹಂಚಿಕೆಯಾದ ಮೇಲೆ ಕೆಇಎ ನಾಲ್ಕು ಚಾಯ್ಸ್ ಕೊಡುತ್ತದೆ. ನಾಲ್ಕನೆಯದು ಎಲ್ಲ ಬಿಟ್ಟು ಹೊರನಡೆಯುವುದು. ಫೀಸು ಕಟ್ಟಿ ಸೇರಿಬಿಟ್ಟರೆ ಉಳಿಯುವುದು ಒಂದೇ, ಕಾಯುವುದು. ನಿರಾಶರಾಗಬೇಡಿ. ನಿಮ್ಮ ಮಗನಿಗೂ ಒಂದು ದಿನ ಆ ಲ್ಯಾಬಿನ ಬಾಗಿಲು ತೆರೆಯುತ್ತದೆ. ಮುಂದಿನ ವರ್ಷ ಹೊಸ ಪೋಷಕರು ನೋಡಲು ಬಂದಾಗ, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಸಿ ಅವನನ್ನೇ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ.