ಮುಚ್ಚಳಿಕೆ ಮುರಿಯುವ ಸರಿಯಾದ ವಿಧಾನ

ಈ ಕೈಪಿಡಿ ಯರಗಟ್ಟಿ ಸುತ್ತಿನ ತರುಣರಿಗೆ. ಯಾರದೋ ಹೊಲದ ಬದುವಿನಲ್ಲಿದ್ದ ಪಂಪ್‌ಸೆಟ್ಟಿನ ಕೇಬಲ್ ಎತ್ತಿಕೊಂಡು ಸಿಕ್ಕಿಬಿದ್ದು, ತಪ್ಪು ಸಾಬೀತಾಗಿ, ಜೈಲಿಗೆ ಹೋಗುವ ಬದಲು ಪ್ರೊಬೇಷನ್ ಮೇಲೆ ಮನೆಗೆ ಬಂದಿದ್ದೀರಿ ಎಂದು ಭಾವಿಸಿ ಬರೆದದ್ದು. ಕಾಲುವೆ ನೀರಿನ ಪಾಳಿಗೆ ಬಡಿಗೆ ಎತ್ತಿದವರೂ ಬಳಸಬಹುದು. ಗಲ್ಲು ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧ ಮಾಡಿದವರಿಗೆ ಈ ಸೌಲಭ್ಯವೇ ಇಲ್ಲ. ಅವರು ಇಲ್ಲಿಗೇ ಓದು ನಿಲ್ಲಿಸಬಹುದು.

ಪೆಟ್ಟಿಗೆಯಲ್ಲಿ ಏನೇನಿದೆ

ಕೋರ್ಟಿನ ಆದೇಶದ ಒಂದು ಪ್ರತಿ. ನೀವು ಸಹಿ ಮಾಡಿದ ಮುಚ್ಚಳಿಕೆ, ಅವಧಿ ಹೆಚ್ಚೆಂದರೆ 3 ವರ್ಷ. ಮೇಲ್ವಿಚಾರಣೆಯ ಆದೇಶವೂ ಇದ್ದರೆ ಕನಿಷ್ಠ 1 ವರ್ಷ ನಿಮ್ಮ ಮೇಲೆ ಕಣ್ಣಿಡಲು ಒಬ್ಬ ಪ್ರೊಬೇಷನ್ ಅಧಿಕಾರಿ. ಹಾಗೂ ಒಬ್ಬ ಜಾಮೀನುದಾರ, ಸಾಮಾನ್ಯವಾಗಿ ಸೋದರಮಾವ. ಅವರ ಉತಾರ ಜೆರಾಕ್ಸ್ ಆಗಿ ಕೋರ್ಟಿನ ಫೈಲಿನಲ್ಲಿ ಕೂತಿದೆ.

ಶಿಕ್ಷೆ ಮಾತ್ರ ಪೆಟ್ಟಿಗೆಯಲ್ಲಿಲ್ಲ. ಹುಡುಕಬೇಡಿ. 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಮಿನ ಪ್ರಕಾರ ನ್ಯಾಯಾಧೀಶರು ಅದನ್ನು ಹೇಳದೆ ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಕರೆದಾಗ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ನೀವು ಬರೆದುಕೊಟ್ಟಿದ್ದೀರಿ. ಮೂರು ತಿಂಗಳೋ, ಎರಡು ವರ್ಷವೋ ಯಾರಿಗೂ ಗೊತ್ತಿಲ್ಲ. ಕಳವಿಗೆ ಕಾನೂನು 3 ವರ್ಷದವರೆಗೂ ಜಾಗ ಬಿಟ್ಟಿದೆ.

ಮೊದಲ ಹೆಜ್ಜೆ: ಖುಲಾಸೆ ಆಯ್ತೆಂದು ಸಾರಿ

ಸವದತ್ತಿಯಿಂದ ಬಸ್ಸಿಳಿದ ಕೂಡಲೇ ಚಹಾದಂಗಡಿಯಲ್ಲಿ ಕೂತು, "ಕೇಸ್ ಖುಲಾಸೆ ಆತಲೇ, ಏನೂ ಇಲ್ಲ" ಎನ್ನಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆಯೇ ಪ್ರೊಬೇಷನ್ ಸಿಗುವುದು. ಖುಲಾಸೆಯಾದವನಿಗೆ ಮುಚ್ಚಳಿಕೆ ಯಾಕೆ? ಈ ಪ್ರಶ್ನೆ ಕೇಳಬಲ್ಲ ಹಿರಿಯರು ಪಕ್ಕದ ಬೆಂಚಿನಲ್ಲಿದ್ದರೆ ಬೇರೆ ಅಂಗಡಿಗೆ ಹೋಗಿ. ಆದೇಶದ ಪ್ರತಿಯನ್ನು ಓದದೆ ಮಡಚಿ ಟ್ರಂಕಿನ ತಳಕ್ಕೆ ಹಾಕಿ. ಮೇಲ್ವಿಚಾರಣೆಯ ಆದೇಶವಿದ್ದರೆ ಕೋರ್ಟು ಅದರ ಷರತ್ತುಗಳನ್ನು ನಿಮಗೆ ವಿವರಿಸಿ ಹೇಳಿಯೇ ಕಳಿಸಿರುತ್ತದೆ, ಹಾಗೆ ಹೇಳಲೇಬೇಕೆಂದು ಕಾಯ್ದೆಯಲ್ಲಿದೆ. ಆದರೂ "ನನಗ ಯಾರೂ ಹೇಳಲಿಲ್ರಿ" ಎಂಬ ವಾಕ್ಯವನ್ನು ಅಭ್ಯಾಸ ಮಾಡಿಕೊಳ್ಳಿ.

ಎರಡನೇ ಹೆಜ್ಜೆ: ಹೇಳದೆ ಊರು ಬಿಡಿ

ಯರಗಟ್ಟಿ ಇದಕ್ಕೆಂದೇ ಕಟ್ಟಿದಂತಿದೆ. ಒಂದು ದಾರಿ ಬೆಳಗಾವಿಗೆ, ಒಂದು ಬಾಗಲಕೋಟೆಗೆ, ಒಂದು ಗೋಕಾಕಕ್ಕೆ, ಒಂದು ಸವದತ್ತಿಗೆ. ಕೊನೆಯದು ಕೋರ್ಟಿನ ಕಡೆ, ಅದನ್ನು ಬಿಡಿ. ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗುವುದು ಈ ಭಾಗದಲ್ಲಿ ಹೊಸದೇನಲ್ಲ, ಹೊಟ್ಟೆಪಾಡು. ವಾಸದ ಷರತ್ತು ಹಾಕಿಸಿಕೊಂಡವನು ಸುಮ್ಮನೆ ಬಸ್ ಹತ್ತಬೇಕು, ಅಷ್ಟೆ.

ಎಚ್ಚರಿಕೆ: 8ನೇ ಕಲಮಿನಡಿ ಷರತ್ತು ಬದಲಿಸಲು ಕೋರ್ಟಿಗೆ ಅವಕಾಶವಿದೆ. ಪ್ರೊಬೇಷನ್ ಅಧಿಕಾರಿಯ ಬಳಿ ಹೋಗಿ, "ಸಾಹೇಬ್ರ, ಊರಾಗ ಕೆಲಸ ಇಲ್ಲ, ಹೋಗಲೇಬೇಕಾಗೇತಿ" ಎಂದರೆ ಅವರು ಅರ್ಜಿ ಹಾಕಬಹುದು. ಇನ್ನೂ ಅಪಾಯದ ಸಂಗತಿಯೆಂದರೆ, ಅಗತ್ಯವಿದ್ದಲ್ಲಿ ನಿಮಗೆ ತಕ್ಕ ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದು ಅವರ ಕರ್ತವ್ಯಗಳಲ್ಲಿ ಒಂದು. ಆದ್ದರಿಂದ ಅಧಿಕಾರಿಯನ್ನು ಕಂಡರೆ ಪೊಲೀಸರನ್ನು ಕಂಡಂತೆ ಓಡಿ. ಮಾತಾಡಿದರೆ ಷರತ್ತು ಮುರಿಯುವ ಅಗತ್ಯವೇ ಬೀಳದೆ ಹೋದೀತು.

ಮದ್ಯ ಮುಟ್ಟಬಾರದೆಂಬ ಷರತ್ತಿದ್ದರೆ ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರ್ ಹತ್ತಿ, ದಾರಿಯಲ್ಲೇ ಮುರಿಯಿರಿ. ಅಧಿಕಾರಿ ನೋಡಿಲ್ಲವಲ್ಲ ಎಂಬ ಧೈರ್ಯವಿರಲಿ. 9ನೇ ಕಲಮಿನಲ್ಲಿ ಒಂದು ಸಣ್ಣ ತೊಡಕಿದೆ: ಕೋರ್ಟಿಗೆ ಸುದ್ದಿ ಮುಟ್ಟುವುದು ಅಧಿಕಾರಿಯ ವರದಿಯಿಂದಲೇ ಆಗಬೇಕೆಂದಿಲ್ಲ, ಬೇರೆ ಯಾವ ಮೂಲದಿಂದಲೂ ಆಗಬಹುದು. ಕೇಬಲ್ ಕಳೆದುಕೊಂಡ ರೈತ ಅದೇ ಟ್ರ್ಯಾಕ್ಟರಿನ ಹಿಂದಿನ ಮೂಲೆಯಲ್ಲಿ ಕೂತಿರುತ್ತಾನೆ.

ಐವತ್ತು ರೂಪಾಯಿ ಸಿದ್ಧವಿಟ್ಟುಕೊಳ್ಳಿ

ಇದು ಕೈಪಿಡಿಯ ಅತಿ ಆಕರ್ಷಕ ಭಾಗ. ಮೊದಲ ಸಲ ಷರತ್ತು ಮುರಿದವನಿಗೆ ಕೋರ್ಟು ಮನಸ್ಸು ಮಾಡಿದರೆ ದಂಡ ಹಾಕಿ, ಮುಚ್ಚಳಿಕೆ ಮುಂದುವರಿಸಿ ಬಿಡಬಹುದು. ಆ ದಂಡ ಐವತ್ತು ರೂಪಾಯಿ ಮೀರುವಂತಿಲ್ಲ. ಕಾಯ್ದೆ ಬಂದಾಗ ಹತ್ತು ಗ್ರಾಂ ಬಂಗಾರ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಐವತ್ತೆಂದರೆ ಕೂಲಿಕಾರನ ಎದೆ ಧಸಕ್ಕೆನ್ನುವ ಮೊತ್ತ. ಇಂದು ಗೆಳೆಯನಿಗೊಂದು ಪ್ಲೇಟ್ ಗಿರಮಿಟ್ಟು, ಚಹಾ ಕೊಡಿಸಿದರೆ ಮುಗಿಯಿತು. ಬಂಗಾರ ಎಲ್ಲಿಗೋ ಹೋಯಿತು, ಕಾಯ್ದೆಯಲ್ಲಿ ಐವತ್ತು ಹಾಗೇ ಕೂತಿದೆ.

ಇದನ್ನು ದರಪಟ್ಟಿ ಎಂದೇ ಓದಿಕೊಳ್ಳಿ. ಷರತ್ತು ಮುರಿಯುವುದಕ್ಕೆ ಐವತ್ತು, ಹೆಲ್ಮೆಟ್ ಇಲ್ಲದೆ ಓಡಾಡುವುದಕ್ಕೆ ಅದಕ್ಕಿಂತ ಜಾಸ್ತಿ! ಆದರೆ ಅದೇ ಕಲಮಿನಲ್ಲಿ, ಐವತ್ತಕ್ಕಿಂತ ಮೊದಲು ಬರೆದದ್ದು ಇನ್ನೊಂದಿದೆ: ಕೋರ್ಟು ಕೂಡಲೇ ಮೂಲ ಅಪರಾಧಕ್ಕೆ ಶಿಕ್ಷೆ ಕೊಡಬಹುದು. ಎರಡರಲ್ಲಿ ಯಾವುದೆಂದು ಆರಿಸುವವರು ನೀವಲ್ಲ. ಐವತ್ತನ್ನು ಹೇಳಿದ ಗಡುವಿನೊಳಗೆ ಕಟ್ಟದಿದ್ದರೂ ಬರುವುದು ಅದೇ ಶಿಕ್ಷೆ. ಎರಡನೇ ಸಲಕ್ಕಂತೂ ಈ ರಿಯಾಯಿತಿಯೇ ಇಲ್ಲ. ನನ್ನನ್ನು ಕೇಳಿದರೆ ಆ ಮೊತ್ತವನ್ನು ಏರಿಸದೆ ಬಿಟ್ಟದ್ದೇ ಒಳ್ಳೆಯದಾಯಿತು. ಕಾಲು ಜಾರಿದವನ ಕಿಸೆಯಲ್ಲಿ ಎಷ್ಟಿರುತ್ತದೆ ಎಂದು ನೋಡಿ ಬರೆದವರ ಲೆಕ್ಕ ಅದು, ಜಾರಲು ಹೊರಟವನಿಗೆ ಟಿಕೆಟ್ ದರವಲ್ಲ.

ಮಾವನಿಗೆ ಹೇಳಬೇಡಿ

ಸುದ್ದಿ ಮುಟ್ಟಿದ ಮೇಲೆ ಕೋರ್ಟು ವಾರಂಟ್ ಹೊರಡಿಸಬಹುದು, ಇಲ್ಲವೇ ಸಮನ್ಸ್ ಕಳಿಸಬಹುದು. ಸಮನ್ಸ್ ಬಂದರೆ ನಿಮ್ಮೊಬ್ಬರಿಗೇ ಅಲ್ಲ, ಜಾಮೀನು ನಿಂತವರಿಗೂ ಬರುತ್ತದೆ. ಹೊಲದಿಂದ ಬಂದ ಮಾವ ಕೈಕಾಲು ತೊಳೆಯುವಷ್ಟರಲ್ಲಿ ಪೊಲೀಸು ಕಟ್ಟೆಯ ಮೇಲೆ ಕೂತಿರಬೇಕು; ಆಗಲೇ ಮುರಿದದ್ದು ಸಾರ್ಥಕ. "ಅಳಿಯಾ, ಒಂದ್ ಸಹಿ ಅಷ್ಟ ಅಂದಿದ್ದೆಲ್ಲೋ" ಎಂದು ಅವರು ಕೇಳುತ್ತಾರೆ. ನೆಲ ನೋಡಿ. ಅವರು ಬರೆದುಕೊಟ್ಟ ಹಣವನ್ನು ಕೋರ್ಟು ವಸೂಲಿ ಮಾಡಿಕೊಳ್ಳಬಹುದು. ಜಾಮೀನಿನಿಂದ ನನ್ನನ್ನು ಬಿಡಿಸಿ ಎಂದು ಅವರೇ ಅರ್ಜಿ ಹಾಕಿದರೆ ಅಕ್ಕನ ಮನೆಗೂ ತಮ್ಮನ ಮನೆಗೂ ಮುಂದಿನ ಪಂಚಮಿಗೆ ಉಂಡಿ ಹೋಗಿ ಬರುವುದಿಲ್ಲ.

ಈ ಪದ್ಧತಿ ಹುಟ್ಟಿದ್ದೇ ಜಾಮೀನುದಾರನಿಂದ. 1841ರಲ್ಲಿ ಬೋಸ್ಟನ್ನಿನ ಜಾನ್ ಆಗಸ್ಟಸ್ ಎಂಬ ಬೂಟು ಹೊಲಿಯುವವನು ಕೋರ್ಟಿನಲ್ಲಿ ನಿಂತಿದ್ದ ಒಬ್ಬ ಕುಡುಕನಿಗೆ ಜಾಮೀನಾದ. ಅವನೇನೂ ಸಂಬಂಧಿಕನಲ್ಲ. ನಮ್ಮ ಕಡೆಗೆ ಅದು ಪ್ರತ್ಯೇಕ ಕಾನೂನಾಗಿ ಬಂದದ್ದು ಬೆಳಗಾವಿ ಇನ್ನೂ ಮುಂಬೈ ಪ್ರಾಂತದಲ್ಲಿದ್ದಾಗ, 1938ರ ಮುಂಬೈ ಕಾಯ್ದೆಯಾಗಿ. ಇನ್ನು ನಿಮ್ಮ ಮಾತು: ಷರತ್ತು ಮುರಿದದ್ದರ ವಿಚಾರಣೆ ಮುಗಿಯುವವರೆಗೆ ಕೋರ್ಟು ನಿಮ್ಮನ್ನು ಕಸ್ಟಡಿಯಲ್ಲಿ ಇಡಬಹುದು, ಅಥವಾ ಮತ್ತೆ ಜಾಮೀನು ಕೇಳಬಹುದು. ಆಗ ಆಗಸ್ಟಸ್‌ನಂಥವನನ್ನು ಯರಗಟ್ಟಿಯಲ್ಲಿ ಹುಡುಕಿ.

ಖಾತರಿ ರದ್ದಾಗುವ ಬಗೆ

12ನೇ ಕಲಮು ಯಾರೂ ಓದದ ಪುಟ. ಪ್ರೊಬೇಷನ್ ಮೇಲೆ ಬಿಟ್ಟವನಿಗೆ, ಶಿಕ್ಷಿತನೆಂಬ ಕಾರಣಕ್ಕೆ ಬೇರೆ ಕಾನೂನುಗಳು ಅಂಟಿಸುವ ಅನರ್ಹತೆ ಅಂಟುವುದಿಲ್ಲ. ಇದರಿಂದ ಸರ್ಕಾರಿ ನೌಕರಿ ಗಟ್ಟಿ ಎಂದುಕೊಂಡವರಿಗೆ ಸುಪ್ರೀಂ ಕೋರ್ಟು 1990ರ ಬಕ್ಷಿ ರಾಮ್ ಪ್ರಕರಣದಲ್ಲಿ, ಇಲಾಖೆ ತನ್ನ ಕ್ರಮ ತೆಗೆದುಕೊಳ್ಳುವುದಕ್ಕೆ ಇದು ಅಡ್ಡಿಯಲ್ಲ ಎಂದಿದೆ. ಅದು ಬೇರೆ ಮಾತು. ಮುಚ್ಚಳಿಕೆ ಮುರಿದು ಮೂಲ ಅಪರಾಧಕ್ಕೆ ಶಿಕ್ಷೆಯಾಯಿತೋ, ಈ ರಕ್ಷಣೆಯೂ ಹೋಗುತ್ತದೆ.

ದೋಷ ಮತ್ತು ಪರಿಹಾರ

ದೋಷ: ಅವಧಿ ಮುಗಿಯುವ ಮೊದಲೇ ಕೋರ್ಟು ಮುಚ್ಚಳಿಕೆಯಿಂದ ಬಿಡುಗಡೆ ಮಾಡಿತು.

ಕಾರಣ: ಇವನ ನಡತೆ ನೋಡಿದರೆ ಇನ್ನು ಕಣ್ಣಿಡುವ ಅಗತ್ಯವಿಲ್ಲ ಎಂದು ಪ್ರೊಬೇಷನ್ ಅಧಿಕಾರಿಯೇ ಅರ್ಜಿ ಹಾಕಿದ್ದಾರೆ. ಕಾಯ್ದೆಯಲ್ಲಿ ಇದಕ್ಕೂ ದಾರಿಯಿದೆ.

ಪರಿಹಾರ: ಇಲ್ಲ. ನೀವು ಸೂಚನೆಗಳನ್ನು ಸರಿಯಾಗಿ ಪಾಲಿಸಿಲ್ಲ; ತಯಾರಕರು ಜವಾಬ್ದಾರರಲ್ಲ.